ಒಂಬತ್ತನೇ ನಂಬರಿನ ಬೂಟು

ನಮ್ಮ ಮನೆಯಲ್ಲಿ ಒಂಬತ್ತನೇ ನಂಬರಿನ ಕಾಲು ಯಾರಿಗೂ ಇಲ್ಲ. ನನ್ನದು ಏಳು, ನಮ್ಮ ಚಿಕ್ಕಪ್ಪನದೂ ಏಳು. ನನ್ನ ಹೆಂಡತಿ ಗಿರಿಜೆಯ ಪಾದ ಎಷ್ಟು ಪುಟ್ಟದೆಂದರೆ ಅಂಗಡಿಯವನು ಅವಳನ್ನು ಮಕ್ಕಳ ಕಪಾಟಿನ ಕಡೆ ಕಳಿಸುತ್ತಾನೆ, ಅವಳು ಸಿಟ್ಟು ಮಾಡಿಕೊಂಡು ಬರಿಗೈಯಲ್ಲಿ ಬರುತ್ತಾಳೆ. ಹೀಗಿರುವಾಗ ಚಾಮರಾಜಪೇಟೆಯ ನಮ್ಮ ಮನೆಯ ನಡುಮನೆಯ ಗೂಡಿನಲ್ಲಿ, ರೇಡಿಯೋ ಇಡುತ್ತಿದ್ದ ಜಾಗದಲ್ಲಿ, ಒಂಬತ್ತನೇ ನಂಬರಿನ ಹೊಸ ಬೂಟಿನ ಡಬ್ಬವೊಂದು ಈ ವರ್ಷ ಮೂರು ತಿಂಗಳು ಕೂತಿತ್ತು. ಅದನ್ನು ತೆಗೆಯುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ. ಗಿರಿಜೆ ಶನಿವಾರ ಶನಿವಾರ ಅದರ ಮೇಲಿನ ಧೂಳು ಒರೆಸಿ ಅಲ್ಲೇ ಇಡುತ್ತಿದ್ದಳು.

ಬೂಟಿನ ವಿಷಯಕ್ಕೆ ಬರುವ ಮುಂಚೆ ನಮ್ಮ ಮನೆಯ ಚಪ್ಪಲಿಗಳ ವಿಷಯ ಹೇಳಬೇಕು. ಲೋಕದಲ್ಲಿ ಯಾರ ಮನೆಗಾದರೂ ಹೋಗಿ ನೋಡಿ, ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ಮೂತಿ ಮನೆಯ ಕಡೆ ಇರುತ್ತದೆ. ನಮ್ಮಲ್ಲಿ ಎಲ್ಲ ಚಪ್ಪಲಿಗಳೂ ಗೇಟಿನ ಕಡೆ ಮುಖ ಮಾಡಿ, ಜೋಡಿ ಬಿಡದೆ, ಸಾಲಾಗಿ ನಿಂತಿರುತ್ತವೆ. ಇದು ಚಿಕ್ಕಪ್ಪನ ಕೆಲಸ. ಬಂದವರು ಒಳಗೆ ಹೋಗಿ ಕೂತ ಮೇಲೆ ಅವರು ಸದ್ದಿಲ್ಲದೆ ಹೊರಗೆ ಹೋಗಿ ಒಂದೊಂದನ್ನೇ ತಿರುಗಿಸಿ ಬರುತ್ತಾರೆ. ನನ್ನ ಮದುವೆಯ ಮಾತುಕತೆಗೆ ಬಂದಿದ್ದ ಗಿರಿಜೆಯ ಸೋದರಮಾವ ಇದನ್ನು ಕಂಡು, "ನಾವು ಬೇಗ ಎದ್ದು ಹೋಗ್ಲಿ ಅಂತ ತಾನೇ ಇದು?" ಎಂದು ಮುನಿಸಿಕೊಂಡು ಹೋಳಿಗೆ ಮುಟ್ಟದೆ ಹೋಗಿಬಿಟ್ಟಿದ್ದರು. ಆಮೇಲೆ ನಮ್ಮಪ್ಪ ಅವರ ಮನೆಗೇ ಹೋಗಿ ಕೈಮುಗಿದು ಬರಬೇಕಾಯಿತು.

ಚಿಕ್ಕಪ್ಪ ಎಂದರೆ ನಮ್ಮಪ್ಪನ ತಮ್ಮ ಶಿವಲಿಂಗಪ್ಪ. ಎಂಬತ್ತರ ಹತ್ತಿರ ವಯಸ್ಸು, ಸಣಕಲು ಮೈ, ಎರಡೂ ಮಂಡಿ ಕೈಕೊಟ್ಟಿವೆ, ಬಾಯಿ ಮಾತ್ರ ಇವತ್ತಿಗೂ ಗಟ್ಟಿ. ನಮ್ಮದು ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆಯ ಅಂಗಡಿ, ತಾತನ ಕಾಲದ್ದು. ಹತ್ತೊಂಬತ್ತರ ವಯಸ್ಸಿನಲ್ಲಿ ಚಿಕ್ಕಪ್ಪ ಗಲ್ಲಾಪೆಟ್ಟಿಗೆಯ ಹಿಂದೆ ಕೂರಲಾರೆ ಎಂದು ಯಾರಿಗೂ ಹೇಳದೆ ಹೋಗಿ ಸೈನ್ಯ ಸೇರಿದರು. ಸೇತುವೆ ಕಟ್ಟುವ, ಬೇಕಾದಾಗ ಸೇತುವೆ ಉಡಾಯಿಸುವ ತುಕಡಿ ಅವರದು. ಎಪ್ಪತ್ತೊಂದರ ಯುದ್ಧದಲ್ಲಿ ಪಶ್ಚಿಮದ ಗಡಿಯಲ್ಲಿದ್ದರು. ಅವರು ಓಡಿಹೋದದ್ದರಿಂದ ಅಂಗಡಿ ನಮ್ಮಪ್ಪನಿಗೆ ಬಂತು, ನಮ್ಮಪ್ಪನಿಂದ ನನಗೆ ಬಂತು. ನಾನು ಎಲ್ಲಿಗೂ ಓಡಿಹೋಗಲಿಲ್ಲ. ನನಗೆ ಓಡುವ ಅಭ್ಯಾಸವೇ ಇಲ್ಲ, ಬಸ್ಸು ಹಿಡಿಯಲೂ ನಾನು ಓಡುವವನಲ್ಲ.

ನಮ್ಮ ಕಸುಬಿನಲ್ಲಿ ಒಂದು ಕಟ್ಟುನಿಟ್ಟು ಇದೆ. ಪತ್ರಿಕೆ ಅಚ್ಚಿಗೆ ಹೋಗುವ ಮುಂಚೆ ಪ್ರೂಫ್ ತೆಗೆದು ಪಾರ್ಟಿಗೆ ತೋರಿಸಬೇಕು. ಗಂಡಿನ ಕಡೆಯ ಹಿರಿಯರೊಬ್ಬರು, ಹೆಣ್ಣಿನ ಕಡೆಯ ಹಿರಿಯರೊಬ್ಬರು, ಇಬ್ಬರೂ ಓದಿ, "ಸರಿ ಇದೆ" ಎಂದು ಬರೆದು ಸಹಿ ಹಾಕಬೇಕು. ಒಂದು ಕಡೆಯವರ ಸಹಿ ಸಾಲದು. ಒಂದು ಕಡೆಯವರನ್ನು ನಂಬಿ ಅಚ್ಚು ಹಾಕಿದರೆ ಇನ್ನೊಂದು ಕಡೆಯ ದೊಡ್ಡಪ್ಪನ ಹೆಸರು ಬಿಟ್ಟುಹೋಗಿರುತ್ತದೆ, ಆ ದೊಡ್ಡಪ್ಪ ಮದುವೆಗೇ ಬರುವುದಿಲ್ಲ, ಬಂದರೂ ಮೊದಲು ನಮ್ಮ ಅಂಗಡಿಗೆ ಬರುತ್ತಾನೆ. ಈ ವಿಷಯದಲ್ಲಿ ನಾನು ಎಷ್ಟು ಜಬರದಸ್ತು ಎಂದರೆ, ಸ್ವಂತ ಮಗಳ ಲಗ್ನಪತ್ರಿಕೆಗೂ ಬೀಗರ ಸಹಿ ಇಲ್ಲದೆ ಮೆಷಿನ್ ತಿರುಗಿಸಲಿಲ್ಲ. ಈ ಹೆಮ್ಮೆಯ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದೆ ನನ್ನ ಮಾನ ಹೋಗುವುದು ಇಲ್ಲೇ.

ನಾನು ಹುಡುಗನಾಗಿದ್ದಾಗ ಚಿಕ್ಕಪ್ಪ ವರ್ಷಕ್ಕೊಮ್ಮೆ ರಜೆಯ ಮೇಲೆ ಬರುತ್ತಿದ್ದರು. ಬಂದ ಎರಡನೇ ದಿನವೇ ನನ್ನನ್ನು ಗಾಂಧಿನಗರದ ಯಾವುದಾದರೂ ಟಾಕೀಸಿಗೆ ಕರೆದುಕೊಂಡು ಹೋಗಬೇಕು. ಅದೂ ಯುದ್ಧದ ಸಿನಿಮಾ ಆಗಿರಬೇಕೆಂದು ನನ್ನ ಹಟ. ಹಿಂದಿಯದಾದರೂ ಸರಿ, ಇಂಗ್ಲಿಷಿನದಾದರೂ ಸರಿ. ಮಾತು ಅರ್ಥವಾಗದಿದ್ದರೇನಂತೆ, ಬಾಂಬು ಎಲ್ಲ ಭಾಷೆಯಲ್ಲೂ ಒಂದೇ ಥರ ಸಿಡಿಯುತ್ತದೆ. ಪಕ್ಕದಲ್ಲಿ ನಿಜವಾದ ಯೋಧ ಕೂತಿದ್ದಾನೆ, ಅವನು ನನ್ನ ಚಿಕ್ಕಪ್ಪ ಎನ್ನುವುದು ಹಿಂದಿನ ಸಾಲಿನವರಿಗೂ ಗೊತ್ತಾಗಲಿ ಎಂದು ನಾನು "ಚಿಕ್ಕಪ್ಪ, ನಿಮ್ಮ ಬಂದೂಕೂ ಇದೇನಾ?" ಎಂದು ಜೋರಾಗಿ ಕೇಳುತ್ತಿದ್ದೆ.

ಚಿಕ್ಕಪ್ಪ ಬಂದೂಕು ನೋಡುತ್ತಿರಲಿಲ್ಲ. ಅವರು ಪರದೆಯ ಕೆಳಭಾಗ ನೋಡುತ್ತಿದ್ದರು, ಎಂದರೆ ಕಾಲುಗಳನ್ನು.

"ಲೋ ರುದ್ರ, ಅವನ ಬೂಟು ನೋಡೋ. ಮೂರು ದಿನದಿಂದ ಕೆಸರಲ್ಲಿದ್ದಾನಂತೆ, ಪಾಲಿಶ್ ಹೋಗಿಲ್ಲ!"

"ಶ್!" ಎನ್ನುತ್ತಿದ್ದರು ಮುಂದಿನವರು.

"ಏನ್ರೀ ಶ್! ಕಾಲು ನೋಡಿ ನೀವೇ. ಒಬ್ಬನಾದ್ರೂ ಕುಂಟ್ತಿದಾನಾ? ಹೋಗ್ಲಿ, ಒಬ್ಬನಾದ್ರೂ ಬೈತಿದಾನಾ?"

ಬೈಗುಳದ ಬಗ್ಗೆ ಅವರಿಗೆ ವಿಶೇಷ ತಕರಾರಿತ್ತು. ಸಿನಿಮಾದ ಸಿಪಾಯಿಗಳು ಊರು ನೆನೆಯುತ್ತಾರೆ, ಅಮ್ಮನ ಕಾಗದ ಓದುತ್ತಾರೆ, ಹಾಡುತ್ತಾರೆ, ಆದರೆ ಪಕ್ಕದವನನ್ನು ಬೈಯುವುದೇ ಇಲ್ಲ. ಸೈನ್ಯದಲ್ಲಿ ಇಡೀ ದಿನ ನಡೆಯುವುದು ಬೈಗುಳವೇ ಎಂದು ಚಿಕ್ಕಪ್ಪನ ವಾದ. "ಬೈಸ್ಕೊಳ್ಳದೆ ಒಂದು ದಿನ ಹೋದ್ರೆ ಹೆದರಿಕೆ ಆಗೋದು ಕಣೋ, ಎಲ್ರಿಗೂ ಏನಾಯ್ತು ಅಂತ" ಎನ್ನುತ್ತಿದ್ದರು.

ಯುದ್ಧದ ಸಿನಿಮಾ ಎಂದ ಮೇಲೆ ಅದರಲ್ಲಿ ಒಂದು ತೆರವಿನ ದೃಶ್ಯ ಇದ್ದೇ ಇರುತ್ತದೆ. ಶತ್ರು ಹತ್ತಿರ ಬಂದಿದ್ದಾನೆ, ಸೈನ್ಯ ಆ ಜಾಗ ಬಿಟ್ಟು ಹಿಂದಕ್ಕೆ ಬರಬೇಕು. ಸಮುದ್ರದ ದಡವೋ, ನದಿಯೋ, ರೈಲು ನಿಲ್ದಾಣವೋ. ಆಕಾಶದ ತುಂಬ ಹೊಗೆ. ಪಿಟೀಲು. ನಾಯಕ ಒಮ್ಮೆ ಹಿಂತಿರುಗಿ ನೋಡುತ್ತಾನೆ. ಅಂಗಿ ಹರಿದಿರುತ್ತದೆ, ಅದೂ ಸರಿಯಾಗಿ ತೋಳಿನ ಹತ್ತಿರ. ಆಮೇಲೆ ಗುಂಡೇಟು ತಿಂದ ಗೆಳೆಯನನ್ನು ಹೆಗಲ ಮೇಲೆ ಹಾಕಿಕೊಂಡು ನಿಧಾನವಾಗಿ ನಡೆಯಲು ತೊಡಗುತ್ತಾನೆ. ಟಾಕೀಸಿನಲ್ಲಿ ಎಲ್ಲರೂ ಕರ್ಚೀಫು ತೆಗೆಯುವ ಹೊತ್ತು ಅದು. ಚಿಕ್ಕಪ್ಪ ಸರಿಯಾಗಿ ಆ ಹೊತ್ತಿಗೆ ಏಳುತ್ತಿದ್ದರು.

"ಕಾಫಿ ಕುಡಿದು ಬರ್ತೀನಿ, ನೀನು ನೋಡ್ತಿರು."

ಒಂದು ಸಲ ಅಲ್ಲ, ಪ್ರತಿ ಸಲವೂ. ಹೊತ್ತುಕೊಂಡವನು ಆಚೆ ದಡ ಮುಟ್ಟಿದ ಮೇಲೆಯೇ ಅವರು ವಾಪಸ್ಸು ಬರುತ್ತಿದ್ದುದು, ನನಗೊಂದು ಪೊಟ್ಟಣ ಕಡಲೆಕಾಯಿ ಹಿಡಿದುಕೊಂಡು. ನಾನೋ ಐದನೇ ಕ್ಲಾಸಿನ ಬುದ್ಧಿವಂತ. ಇದರ ಅರ್ಥ ನನಗೆ ತಟ್ಟನೆ ಹೊಳೆದುಬಿಟ್ಟಿತು. ಚಿಕ್ಕಪ್ಪನೂ ಹೀಗೇ ಯಾರನ್ನೋ ಹೊತ್ತು ತಂದಿದ್ದಾರೆ, ಆ ನೆನಪು ತಡೆಯಲಾರದೆ ಎದ್ದು ಹೋಗುತ್ತಾರೆ!

ಮನೆಗೆ ಬರುವ ದಾರಿಯಲ್ಲಿ ಕೇಳಿಯೂ ಕೇಳಿದೆ. "ಚಿಕ್ಕಪ್ಪ, ನಿಮಗೂ ಹೀಗೆ ಆಗಿತ್ತಾ?"

"ಹೂಂ. ನಾನು, ನಂಜೇಗೌಡ ಅಂತ ಒಬ್ಬ. ಹೊಳೆ ದಾಟ್ಬೇಕಿತ್ತು" ಎಂದರು. ಅಷ್ಟು ಸಾಕಾಯಿತು ನನಗೆ.

ಆ ವರ್ಷ ಶಾಲೆಯಲ್ಲಿ ಪ್ರಬಂಧ ಸ್ಪರ್ಧೆ. ವಿಷಯ, ನಾನು ಕಂಡ ವೀರ. ಉಳಿದ ಹುಡುಗರು ಪಠ್ಯಪುಸ್ತಕದ ರಾಜರನ್ನು ಬರೆದರೆ ನಾನು ನಮ್ಮ ಚಿಕ್ಕಪ್ಪನನ್ನು ಬರೆದೆ. ನಂಜೇಗೌಡನ ತೊಡೆಗೆ ಗುಂಡು ಹೊಡೆಸಿದೆ, ರಕ್ತ ಹರಿಸಿದೆ. ಚಿಕ್ಕಪ್ಪ ಅವನನ್ನು ಹೆಗಲ ಮೇಲೆ ಹೊತ್ತು ಎದೆಮಟ್ಟದ ನೀರಿನಲ್ಲಿ ನಡೆದರು, ಒಮ್ಮೆ ಹಿಂತಿರುಗಿ ನೋಡಿದರು. ಮೊದಲ ಬಹುಮಾನ ಬಂತು, ಕಂಪಾಸ್ ಪೆಟ್ಟಿಗೆ. ಮುಂದಿನ ರಜೆಗೆ ಚಿಕ್ಕಪ್ಪ ಬಂದಾಗ ಅಜ್ಜಿಯ ಮುಂದೆ ಅದನ್ನು ಗಟ್ಟಿಯಾಗಿ ಓದಿದೆ. ಮಗ ಸೈನ್ಯಕ್ಕೆ ಓಡಿಹೋದನೆಂದು ಅಷ್ಟು ವರ್ಷ ಯಾರೆದುರೂ ತಲೆ ಎತ್ತಿ ಮಾತಾಡದ ಅಜ್ಜಿ, ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅತ್ತು ಮುಗಿಸಿ, "ಇನ್ನೊಂದ್ ಸಲ ಓದೋ ಮಗ" ಎಂದು ಅಕ್ಕಪಕ್ಕದ ಮನೆಯವರನ್ನೆಲ್ಲ ಕೂಗಿ ಕರೆದಳು. ಚಿಕ್ಕಪ್ಪ ಕಂಬಕ್ಕೊರಗಿ ಕೂತು ಕೇಳಿದರು. ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಎಂಥ ವಿನಯ ಎಂದುಕೊಂಡೆ ನಾನು.

ಆವತ್ತಿನಿಂದ ಆ ಕಥೆ ನಮ್ಮ ಮನೆಯ ಆಸ್ತಿಯಾಯಿತು. ನಾಮಕರಣದಲ್ಲಿ ಹೇಳಿದೆ, ಗೃಹಪ್ರವೇಶದಲ್ಲಿ ಹೇಳಿದೆ, ಅಂಗಡಿಗೆ ಬಂದ ಗಿರಾಕಿಗಳಿಗೆ ಹೇಳಿದೆ. ವರ್ಷ ಕಳೆದ ಹಾಗೆ ಹೊಳೆಯ ನೀರು ಎದೆಮಟ್ಟದಿಂದ ಕುತ್ತಿಗೆಯವರೆಗೆ ಏರಿತು.

ನಂಜೇಗೌಡರನ್ನು ನಾನು ಒಂದೇ ಒಂದು ಸಲ ನೋಡಿದ್ದೆ. ಕುಣಿಗಲ್ ಕಡೆಯ ಒಂದು ಹಳ್ಳಿ ಅವರದು. ಸೈನ್ಯದಿಂದ ಬಂದ ಮೇಲೆ ಹೊಲ ಮಾಡಿಕೊಂಡಿದ್ದರು. ಚಿಕ್ಕಪ್ಪ ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಒಂಬತ್ತನೇ ನಂಬರಿನ ಒಂದು ಜೊತೆ ಬೂಟು ಕೊಂಡು, ಬೆಳಗಿನ ಬಸ್ಸು ಹತ್ತಿ ಅವರ ಊರಿಗೆ ಹೋಗಿ ಸಂಜೆಗೆ ಬರುತ್ತಿದ್ದರು. ನನಗೆ ಹದಿನೈದಾಗಿದ್ದಾಗ ಹಟ ಮಾಡಿ ಜೊತೆಗೆ ಹೋದೆ. ಅಂಗಳದಲ್ಲಿ ಆನೆಯಂಥ ಆಳೊಬ್ಬರು ಹುರಿ ಹೊಸೆಯುತ್ತ ಕೂತಿದ್ದರು. ನಮ್ಮನ್ನು ಕಂಡದ್ದೇ ಕೂಗಿದರು.

"ಬಂದ್ಯೇನ್ಲಾ ಶಿವ್ಲಿಂಗ! ಇನ್ನೂ ಸತ್ತಿಲ್ವಾ ನೀನು, ನಿನ್ ಮನೆ ಕಾಯ್ವೋಗ!"

ನನ್ನ ಮೈಯೆಲ್ಲ ಉರಿದುಹೋಯಿತು. ಪ್ರಾಣ ಉಳಿಸಿದವರನ್ನು ಹೀಗಾ ಮಾತಾಡಿಸುವುದು? ಚಿಕ್ಕಪ್ಪ ಮಾತ್ರ ಬಾಯಿತುಂಬ ನಗುತ್ತ ಹೋಗಿ ಅವರ ಪಕ್ಕ ಕೂತರು. ನಂಜೇಗೌಡರು ಹೊಸ ಬೂಟು ಹಾಕಿಕೊಂಡು ಅಂಗಳದಲ್ಲಿ ಎರಡು ಸುತ್ತು ನಡೆದು ತೋರಿಸಿದರು, ಮುದ್ದೆ ಊಟ ಹಾಕಿಸಿದರು, ಇನ್ನಷ್ಟು ಬೈದು ಬಸ್ಸು ಹತ್ತಿಸಿದರು. ಇಷ್ಟು ದೊಡ್ಡ ದೇಹವನ್ನು ನಮ್ಮ ಸಣಕಲು ಚಿಕ್ಕಪ್ಪ ಹೇಗೆ ಹೊತ್ತರೋ ಎಂದು ಬಸ್ಸಿನಲ್ಲಿ ಒಂದು ಅನುಮಾನ ಬಂದದ್ದು ಸುಳ್ಳಲ್ಲ. ವೀರರಿಗೆ ಆ ಹೊತ್ತಿಗೆ ಅದೆಲ್ಲಿಂದಲೋ ಬಲ ಬರುತ್ತದೆ ಎಂದು ನಾನೇ ಸಮಾಧಾನ ಹೇಳಿಕೊಂಡೆ.

ಈ ವರ್ಷ ಚಿಕ್ಕಪ್ಪ ಬಾಡಿಗೆ ಕಾರಿನಲ್ಲಿ ಹೋದರು, ಮಂಡಿಯಿಂದಾಗಿ. ಸಂಜೆಯಾಗುವ ಮುಂಚೆಯೇ ವಾಪಸ್ಸು ಬಂದರು. ಕಂಕುಳಲ್ಲಿ ಡಬ್ಬ ಹಾಗೆಯೇ ಇತ್ತು.

"ನಂಜ ಹೋಗ್ಬಿಟ್ಟನಂತೆ. ಹದಿನೈದು ದಿನ ಆಯ್ತಂತೆ" ಎಂದರು. ಡಬ್ಬವನ್ನು ಗೂಡಿನಲ್ಲಿಟ್ಟರು. ಆವತ್ತು ಊಟ ಮಾಡಲಿಲ್ಲ. ಮರುದಿನದಿಂದ ಎಂದಿನಂತೆ ಎದ್ದರು, ಓಡಾಡಿದರು, ಪೇಪರು ಓದಿದರು, ಚಪ್ಪಲಿ ತಿರುಗಿಸಿದರು. ಆದರೆ ಬಾಯಿ ಅಡಗಿಹೋಯಿತು. ಗಿರಿಜೆ ಬೇಕೆಂದೇ ಸಾರಿಗೆ ಉಪ್ಪು ಹಾಕದೆ ಬಡಿಸಿ ನೋಡಿದಳು, ಬೈಯಲಿ ಎಂದು. ಅದನ್ನೂ ಸುಮ್ಮನೆ ಉಂಡು ಎದ್ದರು.

ಹೀಗಿರುವಾಗ ನನಗೊಂದು ಕರೆ ಬಂತು. ಬಸವನಗುಡಿಯಲ್ಲಿ ನಮ್ಮ ವಯಸ್ಸಿನವರ ಒಂದು ಓದುಗರ ಬಳಗವಿದೆ, ನಿವೃತ್ತ ಹೆಡ್‌ಮಿಸ್ ಕಮಲಮ್ಮ ಅದನ್ನು ನಡೆಸುತ್ತಾರೆ. ತಿಂಗಳಿಗೊಂದು ಭಾನುವಾರ ಯಾರಾದರೊಬ್ಬರು ಮಾತಾಡಬೇಕು. "ಈ ಸಲ ನೀವು ಸಿನಿಮಾ ಬಗ್ಗೆ ಏನಾದ್ರೂ ಹೇಳಿ ರುದ್ರಪ್ಪನವರೇ, ನಿಮಗೆ ಗೊತ್ತಿಲ್ದೇ ಇರೋದು ಏನಿದೆ" ಎಂದರು. ನನಗೆ ಗೊತ್ತಿಲ್ಲದ್ದು ಏನೂ ಇಲ್ಲವೆಂಬುದು ನನ್ನ ಅಭಿಪ್ರಾಯವೂ ಆಗಿದ್ದರಿಂದ ಒಪ್ಪಿಕೊಂಡೆ. ಯುದ್ಧದ ಸಿನಿಮಾದಲ್ಲಿ ಸೈನ್ಯದ ತೆರವು ಎಂಬ ವಿಷಯ ನಾನೇ ಆರಿಸಿದೆ. ಕೊನೆಯಲ್ಲಿ ಚಿಕ್ಕಪ್ಪನ ಕಥೆ ಹೇಳಿ ಎಲ್ಲರನ್ನೂ ಅಳಿಸುವುದೆಂದು ಲೆಕ್ಕ ಹಾಕಿದ್ದೆ.

ಊಟದ ಹೊತ್ತಿನಲ್ಲಿ ಇದನ್ನು ಹೇಳಿದರೆ ಚಿಕ್ಕಪ್ಪ ತಲೆ ಎತ್ತಿದರು. "ನಾನೂ ಬರ್ತೀನಿ" ಎಂದರು.

ನನಗೆ ದಿಗಿಲಾಯಿತು. ನಲವತ್ತೈದು ವರ್ಷದಲ್ಲಿ ಯಾವ ಸಭೆಗೂ ಬಾರದವರು! ಬಂದು, ನಾನು ಆ ಕಥೆಗೆ ತಲುಪಿದಾಗ ಟಾಕೀಸಿನಲ್ಲಿ ಎದ್ದ ಹಾಗೆ ಎದ್ದು ಹೋಗಿಬಿಟ್ಟರೆ? ಜನರ ಮುಂದೆ ನನ್ನ ಮರ್ಯಾದೆಯದೊಂದು ಭಯ. ಅದಕ್ಕಿಂತ ಹೆಚ್ಚಾಗಿ, ನಂಜೇಗೌಡರು ಹೋದ ಈ ಹೊತ್ತಿನಲ್ಲಿ ಆ ಕಥೆ ಅವರ ಎದೆಗೆ ಏನು ಮಾಡುತ್ತದೋ ಎಂಬ ಭಯ. ಕಥೆಯನ್ನು ಬಿಟ್ಟುಬಿಡಿ ಎಂದು ಗಿರಿಜೆ ಹೇಳಿದಳು. ಬಿಡಬೇಕಿತ್ತು. ಆದರೆ ಚಪ್ಪಾಳೆಯ ಆಸೆ ಯಾರನ್ನು ಬಿಟ್ಟಿದೆ ಹೇಳಿ.

ಬಳಗ ಸೇರುವುದು ಒಂದು ಹಳೇ ಕಟ್ಟಡದ ಎರಡನೇ ಮಹಡಿಯಲ್ಲಿ. ಚಿಕ್ಕಪ್ಪನನ್ನು ಲಿಫ್ಟಿನಲ್ಲಿ ಹತ್ತಿಸಿ ಮುಂದಿನ ಸಾಲಿನಲ್ಲಿ ಕೂರಿಸಿದೆ. ಮೂವತ್ತು ಜನ ಇದ್ದರು. ನಾನು ಚೆನ್ನಾಗಿಯೇ ಮಾತಾಡಿದೆ, ಸಂಕೋಚವೇಕೆ. ಪಿಟೀಲಿನ ಬಗ್ಗೆ, ತೋಳಿನಲ್ಲೇ ಹರಿಯುವ ಅಂಗಿಯ ಬಗ್ಗೆ ಹೇಳಿ ನಗಿಸಿದೆ. ಸಿನಿಮಾದಲ್ಲಿ ತೆರವೆಂದರೆ ನಾಯಕನೊಬ್ಬ ಹೊರಡುವುದು, ನಿಜದಲ್ಲಿ ಅದು ಸಾವಿರಾರು ಜನ ಕಾಯುವುದು ಎಂದೆ. ಹಸಿವು, ನಿದ್ದೆ, ಹೊಟ್ಟೆ ಕೆಡುವುದು, ಯಾರಿಗೂ ಏನೂ ಗೊತ್ತಿಲ್ಲದಿರುವುದು ಪರದೆಯ ಮೇಲೆ ಬರುವುದಿಲ್ಲ ಎಂದೆ. ಜನ ತಲೆದೂಗಿದರು. ಇದೆಲ್ಲ ಚಿಕ್ಕಪ್ಪ ಟಾಕೀಸಿನಲ್ಲಿ ಗೊಣಗಿದ್ದೇ, ನನ್ನದೇನೂ ಇಲ್ಲ. ಆಮೇಲೆ ದನಿ ತಗ್ಗಿಸಿ, "ಈಗ ಯಾವ ಸಿನಿಮಾದಲ್ಲೂ ಇಲ್ಲದ ಒಂದು ದೃಶ್ಯ ಹೇಳ್ತೀನಿ. ಆ ವೀರರು ನಮ್ಮ ಮಧ್ಯೆನೇ ಕೂತಿದಾರೆ" ಎಂದು ಶುರು ಮಾಡಿದೆ. ಹೊಳೆ ಬಂತು. ನಂಜೇಗೌಡರ ತೊಡೆಗೆ ಗುಂಡು ತಗುಲಿತು. ಚಿಕ್ಕಪ್ಪ ಬಗ್ಗಿ ಅವರನ್ನು ಹೆಗಲಿಗೆ ಹಾಕಿಕೊಂಡರು.

ಮುಂದಿನ ಸಾಲಿನಲ್ಲಿ ಚಿಕ್ಕಪ್ಪ ಎದ್ದು ನಿಂತರು.

ಮುಗಿಯಿತು, ಹೊರಟರು ಎಂದುಕೊಂಡೆ. ಅವರು ಹೊರಡಲಿಲ್ಲ. ಪಕ್ಕದ ಕುರ್ಚಿಯ ಬೆನ್ನು ಹಿಡಿದುಕೊಂಡು ನನ್ನನ್ನೇ ನೋಡಿದರು.

"ರುದ್ರ, ನೀನು ಪ್ರೂಫ್ ತೋರಿಸ್ದೇ ಅಚ್ಚು ಹಾಕ್ಬಿಟ್ಟೆ ಕಣೋ" ಎಂದರು. "ಹೊತ್ತೋನು ನಾನಲ್ಲ. ನನ್ನನ್ನ ಹೊತ್ತಿದ್ದು ನಂಜ."

ಚಿಕ್ಕಪ್ಪ ಜನರ ಕಡೆ ತಿರುಗಿದರು.

"ಹತ್ತು ದಿನದಿಂದ ಯಾರೂ ಬೂಟು ಬಿಚ್ಚಿರ್ಲಿಲ್ಲ. ಬಿಚ್ಬೇಡಿ ಅಂತ ಹವಾಲ್ದಾರ್ ಸಾವಿರ ಸಲ ಹೇಳಿದ್ದ. ನಾನು ಬಿಚ್ಚಿದೆ. ಏನಿಲ್ಲ, ಕಾಲು ತುರಿಸ್ತಿತ್ತು. ಬಿಚ್ಚಿದ್ದೇ ತಡ, ಎರಡೂ ಕಾಲು ಬನ್ನಿನ ಥರ ಊದ್ಕೊಂಡ್ವು. ಅಷ್ಟರಲ್ಲೇ ಆರ್ಡರ್ ಬಂತು, ಜಾಗ ಖಾಲಿ ಮಾಡಿ, ಮಧ್ಯಾಹ್ನಕ್ಕೆ ಸೇತುವೆ ಉಡಾಯಿಸ್ತಾರೆ ಅಂತ. ಬೂಟು ಕಾಲಿಗೆ ಹತ್ತಲ್ಲ. ಸೇತುವೆಗೆ ಇನ್ನೂ ಎರಡು ಮೈಲಿ. ಕುಯ್ದಿರೋ ಹೊಲ, ಪೂರ್ತಿ ಕೂಳೆ, ಮುಳ್ಳು. ಹತ್ತು ಹೆಜ್ಜೆ ಹಾಕೋಷ್ಟ್ರಲ್ಲಿ ಕೂತ್ಬಿಟ್ಟೆ. ಎಲ್ಲಾ ಮುಂದೆ ಹೋದ್ರು. ನಂಜ ವಾಪಸ್ ಬಂದ. ಸಾಮಾನೆಲ್ಲ ಬಿಸಾಕ್ಬಿಟ್ಟು ನನ್ನನ್ನ ಬೆನ್ನಿಗೆ ಹಾಕ್ಕೊಂಡ. ಎರಡು ಮೈಲೀನೂ ಬೈದ. ಹೆಜ್ಜೆಗೊಂದು ಬೈದ. ನಾವು ದಾಟಿ ಸ್ವಲ್ಪ ಹೊತ್ತಿಗೆ ಸೇತುವೆ ಹೋಯ್ತು. ಆವತ್ತಿಂದ ಚಪ್ಪಲಿ ಹೊರಡೋ ಕಡೆ ಮುಖ ಮಾಡಿರದಿದ್ರೆ ನನಗೆ ಸಮಾಧಾನ ಇಲ್ಲ."

ಕಮಲಮ್ಮ ನೀರಿನ ಲೋಟ ಮುಂದೆ ಹಿಡಿದರು. ಅವರು ತೆಗೆದುಕೊಳ್ಳಲಿಲ್ಲ.

"ಸಿನಿಮಾದಲ್ಲಿ ಹೊರಿಸ್ಕೊಂಡು ಬರೋನಿಗೆ ಗುಂಡು ಬಿದ್ದಿರತ್ತೆ. ನನಗೆ ಒಂದು ಗೀರು ಗಾಯ ಇರ್ಲಿಲ್ಲ ರೀ. ನನ್ನ ತಪ್ಪಿಗೆ ಅವನು ಪ್ರಾಣ ಒತ್ತೆ ಇಟ್ಟ. ಆ ಸೀನ್ ಬಂದಾಗೆಲ್ಲ ನನಗೆ ನಾಚಿಕೆ ಆಗೋದು, ಎದ್ದು ಹೋಗ್ತಿದ್ದೆ. ಈ ಹುಡುಗ ಏನೋ ಬರ್ಕೊಂಡ್ ಬಂದ. ನಮ್ಮವ್ವ ಅತ್ಲು. ಅವಳು ಅಷ್ಟು ಸಂತೋಷವಾಗಿದ್ದು ನಾನು ನೋಡೇ ಇರ್ಲಿಲ್ಲ. ಅಲ್ಲ ಅಂತ ಹೇಳಕ್ಕೆ ಬಾಯಿ ಬರ್ಲಿಲ್ಲ. ಆಮೇಲೆ ಹೇಳಕ್ಕೆ ಹೊತ್ತೇ ಮೀರೋಯ್ತು."

ನನ್ನ ಕಡೆ ತಿರುಗಿದರು. "ಮೊನ್ನೆ ಹೋಗಿದ್ನಲ್ಲ, ನಂಜನ ಮಗ ಕೇಳಿದ. ಪ್ರತಿ ವರ್ಷ ನಮ್ಮಪ್ಪಂಗೆ ಬೂಟು ಯಾಕೆ ತರ್ತಿದ್ರಿ ಅಂತ. ನಂಜ ಒಂದ್ ಮಾತೂ ಹೇಳಿಲ್ಲ ಕಣೋ ಮನೇಲಿ, ಐವತ್ತು ವರ್ಷ! ನನಗೆ ಹೇಳಕ್ಕಾಗ್ಲಿಲ್ಲ. ಡಬ್ಬ ಎತ್ಕೊಂಡ್ ಬಂದ್ಬಿಟ್ಟೆ."

ಪ್ರಾಣ ಉಳಿಸಿದವನೇ ಯಾಕೆ ವರ್ಷ ವರ್ಷ ಉಡುಗೊರೆ ಹೊತ್ತು ಹೋಗುತ್ತಾನೆ ಎಂಬ ಒಂದು ಸಣ್ಣ ಪ್ರಶ್ನೆ ಅಷ್ಟು ವರ್ಷದಲ್ಲಿ ನನ್ನ ತಲೆಗೆ ಬಂದಿರಲಿಲ್ಲ. ಊರಿನವರ ಸೋದರಮಾವಂದಿರ ಹೆಸರಿಗೆಲ್ಲ ಎರಡೆರಡು ಸಹಿ ಕೇಳುವ ನಾನು, ಈ ಕಥೆಗೆ ಒಬ್ಬರ ಸಹಿಯನ್ನೂ ಕೇಳಿರಲಿಲ್ಲ.

ಯಾರೋ ಚಪ್ಪಾಳೆ ತಟ್ಟಲು ಹೋದರು. "ಅದೆಲ್ಲ ಬೇಡ. ನಂಜೇಗೌಡ ಅಂತ ಹೆಸರು ಬರ್ಕೊಳ್ಳಿ, ಸಾಕು" ಎಂದರು ಚಿಕ್ಕಪ್ಪ.

ಕಾಫಿ ಮುಗಿಯುವ ಹೊತ್ತಿಗೆ ಕರೆಂಟು ಹೋಯಿತು. ಲಿಫ್ಟು ನಿಂತಿತು. ಎರಡನೇ ಮಹಡಿ, ಕಡಿದಾದ ಮೆಟ್ಟಿಲು, ಚಿಕ್ಕಪ್ಪನ ಮಂಡಿ. ಅರ್ಧ ಗಂಟೆ ಕಾದೆವು. ಕುರ್ಚಿಯಲ್ಲಿ ಕೂರಿಸಿ ಇಳಿಸೋಣವೆಂದು ಇಬ್ಬರು ಮುಂದೆ ಬಂದರು. "ಉತ್ಸವಮೂರ್ತಿ ಥರ ಹೊತ್ಕೊಂಡ್ ಹೋಗ್ಬೇಡ್ರಪ್ಪಾ" ಎಂದು ಚಿಕ್ಕಪ್ಪ ಬಿಲ್‌ಕುಲ್ ಒಪ್ಪಲಿಲ್ಲ. ನಾನು ಅವರ ಮುಂದೆ ಹೋಗಿ ಬೆನ್ನು ಕೊಟ್ಟು ಕೂತೆ. "ಬನ್ನಿ" ಎಂದೆ.

ಅವರು ನನ್ನ ಕುತ್ತಿಗೆ ಬಳಸಿದರು. ಎದ್ದೆ. ಸಣಕಲು ಮನುಷ್ಯ ಎಂದೆನಲ್ಲ, ಅದು ನೋಡುವುದಕ್ಕೆ ಮಾತ್ರ. ಮೊದಲ ತಿರುವಿಗೇ ನನ್ನ ಉಸಿರು ಬಾಯಿಗೆ ಬಂತು. ಸಿನಿಮಾದವರು ಇಲ್ಲೂ ಸುಳ್ಳು ಹೇಳಿದ್ದಾರೆ. ಹೊತ್ತುಕೊಂಡವನಿಗೆ ಆಕಾಶ, ಹೊಗೆ, ದಡ ಏನೂ ಕಾಣುವುದಿಲ್ಲ. ತನ್ನ ಹೆಬ್ಬೆರಳು, ಮುಂದಿನ ಮೆಟ್ಟಿಲು, ಅಷ್ಟೇ. ಇದು ಇಪ್ಪತ್ತೆಂಟು ಮೆಟ್ಟಿಲು. ಎರಡು ಮೈಲಿ ಎಂದರೆ ಎಷ್ಟಾದೀತು ಎಂದು ಯೋಚಿಸಲೂ ನನ್ನಿಂದ ಆಗಲಿಲ್ಲ.

"ಬೈಯೋ" ಎಂದರು ಚಿಕ್ಕಪ್ಪ ಕಿವಿಯ ಹತ್ತಿರ.

"ಬೇಡ ಚಿಕ್ಕಪ್ಪ."

"ಬೈಯೋ, ಸಲೀಸಾಗತ್ತೆ. ನಂಜ ಸುಮ್ನೆ ಬೈತಿದ್ದ ಅಂದ್ಕೊಂಡ್ಯಾ?"

ಹಿರಿಯರನ್ನು ಬೈದು ಅಭ್ಯಾಸವಿಲ್ಲ ನನಗೆ. ಆದರೂ ಹಲ್ಲು ಕಚ್ಚಿ, "ನಿಮ್ಮನೆ ಹಾಳಾಗ!" ಎಂದೆ.

"ಅದು ನಿಂದೂ ಮನೆನೇ ಅಲ್ವೇನೋ" ಎಂದು ಚಿಕ್ಕಪ್ಪ ಬೆನ್ನ ಮೇಲೆಯೇ ಕುಲುಕಿ ಕುಲುಕಿ ನಕ್ಕರು. ಮೂರು ತಿಂಗಳ ಮೇಲೆ ಅವರು ನಕ್ಕದ್ದು. ನಗುತ್ತಿದ್ದವರು ಯಾವ ಮೆಟ್ಟಿಲಿನಲ್ಲಿ ಅಳುವುದಕ್ಕೆ ತೊಡಗಿದರೋ ಗೊತ್ತಾಗಲಿಲ್ಲ. ಕೆಳಗೆ ಇಳಿಸಿದಾಗ ನನ್ನ ಅಂಗಿಯ ಕಾಲರು ಒದ್ದೆಯಾಗಿತ್ತು. ನಾನೂ ಅತ್ತೆ.

ಆ ವಾರವೆಲ್ಲ ಕೂತು ನಡೆದದ್ದನ್ನು ನಡೆದ ಹಾಗೆ ಬರೆದೆ. ಅಂಗಡಿಯಲ್ಲಿ ಅದನ್ನು ಪ್ರೂಫ್ ತೆಗೆದು, ಕೆಳಗೆ ಎರಡು ಗೆರೆ ಎಳೆದು, ಚಿಕ್ಕಪ್ಪನ ಮುಂದೆ ಇಟ್ಟೆ. ಭೂತಗನ್ನಡಿ ಹಿಡಿದು ಅವರು ಒಂದು ಗಂಟೆ ಓದಿದರು. ಒಂದೇ ಕಡೆ ತಿದ್ದಿದರು. ಹೊಳೆಯ ನೀರು ಕುತ್ತಿಗೆಯವರೆಗೆ ಇತ್ತು ಎಂದು ನಾನು ಅಭ್ಯಾಸಬಲದಿಂದ ಬರೆದುಬಿಟ್ಟಿದ್ದೆ. ಅದನ್ನು ಹೊಡೆದುಹಾಕಿ, ಸೇತುವೆ ಮೇಲೆ ದಾಟಿ ಬಂದೆವು ಎಂದು ಬರೆದರು. ಆಮೇಲೆ ಒಂದು ಗೆರೆಯ ಮೇಲೆ "ಸರಿ ಇದೆ" ಎಂದು ಸಹಿ ಹಾಕಿದರು. ಇನ್ನೊಂದು ಗೆರೆಯನ್ನು ಬೆರಳಿನಿಂದ ಮುಟ್ಟಿದರು.

"ಆ ಕಡೆಯೋರದು?"

"ಭಾನುವಾರ ಹೋಗೋಣ ಚಿಕ್ಕಪ್ಪ" ಎಂದೆ.

ಅವರು ಎದ್ದು ಗೂಡಿನಿಂದ ಡಬ್ಬ ತೆಗೆದು ಬಾಗಿಲ ಹತ್ತಿರ ಇಟ್ಟರು. ಭಾನುವಾರಕ್ಕೆ ಇನ್ನೂ ಮೂರು ದಿನ ಇತ್ತು.

ನಂಜೇಗೌಡರ ಮಗ ರಾಜಣ್ಣ ತಂದೆಯ ಅಚ್ಚು. ಅದೇ ಮೈಕಟ್ಟು, ಅದೇ ಅಂಗಳ. ಚಿಕ್ಕಪ್ಪ ಜಗಲಿಯ ಕೆಳಗೆ ಚಪ್ಪಲಿ ಬಿಟ್ಟು, ಎಂದಿನಂತೆ ಅದರ ಮೂತಿಯನ್ನು ರಸ್ತೆಯ ಕಡೆ ತಿರುಗಿಸಿಟ್ಟು, ಜಗಲಿಯ ಅಂಚಿನಲ್ಲಿ ಮುದುರಿ ಕೂತರು. ನಾನು ಓದಿದೆ. ರಾಜಣ್ಣ ತಲೆ ತಗ್ಗಿಸಿಕೊಂಡೇ ಕೇಳಿದ. ಓದಿ ಮುಗಿಸಿದರೂ ತಲೆ ಎತ್ತಲಿಲ್ಲ. ಡಬ್ಬ ತೆರೆದು ಬೂಟು ಹಾಕಿಕೊಂಡ. ಸರಿಯಾಗಿ ಕೂತಿತು. ಎದ್ದು ಅಂಗಳದಲ್ಲಿ ಎರಡು ಸುತ್ತು ನಡೆದ. ಆಮೇಲೆ ಚಿಕ್ಕಪ್ಪನ ಎದುರು ಬಂದು ನಿಂತ. ಕಣ್ಣು ತುಂಬಿತ್ತು, ಮುಖ ಕೆಂಪಾಗಿತ್ತು.

"ಇಷ್ಟು ವರ್ಷ ಬಾಯಿಗೆ ಏನ್ ತುರುಕ್ಕೊಂಡಿದ್ರಿ ಯಜಮಾನ್ರೇ? ನಮ್ಮಪ್ಪ ಇದ್ದಾಗ್ಲೇ ನಮಗೆ ಹೇಳಕ್ಕೇನಾಗಿತ್ತು? ನಿಮ್ ಮನೆ ಕಾಯ್ವೋಗ!"

ಚಿಕ್ಕಪ್ಪನ ಮುಖ ನೋಡಬೇಕಿತ್ತು ನೀವು. ಹತ್ತು ವರ್ಷ ಚಿಕ್ಕವರಾದರು. "ಹಾಂ! ಇನ್ನೊಂದ್ ಸಲ ಅನ್ನಪ್ಪ" ಎಂದರು. ರಾಜಣ್ಣ ಅಳುತ್ತ ನಗುತ್ತ ಇನ್ನೊಂದು ಸಲ ಬೈದ. ಬೈದು ಒಳಗೆ ಹೋಗಿ, ಮುದ್ದೆಗೆ ಎಸರಿಡಿ ಎಂದು ಕೂಗಿ ಹೇಳಿ, ಬರುವಾಗ ಪೆನ್ನು ತಂದ. ಅವನು ಸಹಿ ಹಾಕುತ್ತಿದ್ದಾಗ ಚಿಕ್ಕಪ್ಪ ಜಗಲಿಯಿಂದ ಕಾಲು ಚಾಚಿ, ಹೆಬ್ಬೆರಳಿನಿಂದ ತಮ್ಮ ಚಪ್ಪಲಿಯ ಮೂತಿಯನ್ನು ಮನೆಯ ಕಡೆಗೆ ತಿರುಗಿಸಿದರು.